ಹೋಂವರ್ಕ್ ಸರಿ, ‘ಹೋಂ’ ಎಲ್ಲಿ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಅಡುಗೆಮನೇಲಿ ಫೋನ್ ಒರಗಿಸಿಟ್ಟುಕೊಂಡು ಕೇಳ್ತಿರೋರಿಗೆ, ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ಪಾಡ್‌ಕಾಸ್ಟ್ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಇತಿಹಾಸ ನಾವೆಲ್ಲ ಬೈಕೊಂಡೇ ಬೆಳೆದ ಒಂದು ವಿಷಯದ್ದು. ಹೋಂವರ್ಕ್.

ನಿಮ್ಮ ಫೋನಿಗೂ ಈ ಫಾರ್ವರ್ಡ್ ಯಾವಾಗಲೋ ಬಂದಿರುತ್ತೆ. ಹೋಂವರ್ಕ್ ಕಂಡುಹಿಡಿದವನು ಇಟಲಿಯ ವೆನಿಸ್ ಊರಿನ ರೊಬರ್ಟೊ ನೆವಿಲಿಸ್ ಅನ್ನೋ ಮೇಷ್ಟ್ರು, ಇಸವಿ 1905, ತಪ್ಪು ಮಾಡಿದ ಹುಡುಗರಿಗೆ ಶಿಕ್ಷೆಯಾಗಿ ಕೊಟ್ಟ, ಅಂತ. ಕೆಲವು ಫಾರ್ವರ್ಡ್‌ಗಳಲ್ಲಿ ಅದೇ ಮನುಷ್ಯ 1095ರಲ್ಲಿ ಇದ್ದಾನೆ! ಇಂಥ ಮೇಷ್ಟ್ರು ಇದ್ದರು ಅನ್ನೋದಕ್ಕೆ ಯಾವ ದಾಖಲೆಯೂ ಇಲ್ಲ. ಅದಕ್ಕಿಂತ ಮಜಾ ಏನು ಗೊತ್ತಾ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1901ರಲ್ಲೇ ಹೋಂವರ್ಕ್ ವಿರುದ್ಧ ಕಾನೂನು ಮಾಡಿತ್ತು. 1905ರಲ್ಲಿ ಹುಟ್ಟಿದ್ದನ್ನ 1901ರಲ್ಲಿ ನಿಷೇಧ ಮಾಡೋದು ಹೇಗೆ ಸಾಧ್ಯ?

ಆ ಕಾನೂನಿನ ಹಿಂದೆ ಒಂದು ದೊಡ್ಡ ಗಲಾಟೆ ಇತ್ತು. ಎಡ್ವರ್ಡ್ ಬಾಕ್ ಅಂತ ಒಬ್ಬ ಪತ್ರಿಕಾ ಸಂಪಾದಕ. ‘ಲೇಡೀಸ್ ಹೋಂ ಜರ್ನಲ್’ ಅನ್ನೋ ಪತ್ರಿಕೆ ಅವನದು, ಅಮೆರಿಕದ ಮನೆಮನೆಗೂ ಹೋಗ್ತಿತ್ತು. 1900ರಲ್ಲಿ ಆತ ಹೋಂವರ್ಕ್ ವಿರುದ್ಧ ಬರೆದ. ಮಕ್ಕಳು ನಿದ್ದೆಗೆಡ್ತಿದಾರೆ, ಆರೋಗ್ಯ ಕೆಡ್ತಿದೆ, ಆಟ ಇಲ್ಲ, ಇದಕ್ಕೆ ತಂದೆ ತಾಯಿಗಳೇ ಹೊಣೆ ಅಂತ. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿ ಓದೋದನ್ನ ಕಡ್ಡಾಯ ಮಾಡಬಾರದು ಅನ್ನೋ ಕಾನೂನು ಬಂತು. 1917ರಲ್ಲಿ ಆ ಕಾನೂನು ರದ್ದಾಯ್ತು. ಆಮೇಲೆ 1957ರ ಅಕ್ಟೋಬರ್ 4ರಂದು ರಷ್ಯಾದವರು ಸ್ಪುಟ್ನಿಕ್ ಹಾರಿಸಿದರು. ನಮ್ಮ ಮಕ್ಕಳು ವಿಜ್ಞಾನ, ಗಣಿತದಲ್ಲಿ ಹಿಂದೆ ಬಿದ್ದರು ಅಂತ ಅಮೆರಿಕ ಗಾಬರಿಬಿತ್ತು. ಬೇಡ ಬೇಡ ಅಂತಿದ್ದ ಹೋಂವರ್ಕು ಈಗ ದೇಶ ಕಾಯೋ ಕೆಲಸದ ಹಾಗೆ ಕಾಣತೊಡಗಿತು.

ಈ ಕಥೆಯನ್ನು ಎಲ್ಲರೂ ಹೇಳ್ತಾರೆ. ನಾನು ಇದನ್ನು ಓದುವಾಗ ಒಂದು ವಿಷಯ ಗಮನಿಸಿದೆ. ಅಮೆರಿಕದವರ ಜಗಳವೆಲ್ಲ ‘ಎಷ್ಟು ಹೊತ್ತು’ ಅನ್ನೋದರ ಬಗ್ಗೆ. ಅರ್ಧ ಗಂಟೆಯಾ, ಎರಡು ಗಂಟೆಯಾ ಅಂತ. ಮಗುವಿಗೆ ಒಂದು ಮನೆ ಇದೆ, ಅಲ್ಲೊಂದು ಮೇಜಿದೆ, ದೀಪ ಇದೆ ಅನ್ನೋದನ್ನ ಅಲ್ಲಿ ಜಗಳವಾಡಿದ ಎರಡೂ ಕಡೆಯವರು ಒಪ್ಪಿಕೊಂಡೇ ಶುರು ಮಾಡ್ತಾರೆ. ನಮ್ಮ ಹೈಸ್ಕೂಲುಗಳ ಇತಿಹಾಸ ನೋಡಿದರೆ, ಮೊದಲ ಪ್ರಶ್ನೆಯೇ ಬೇರೆ. ಆ ಹುಡುಗ ಎಲ್ಲಿ ಕೂತು ಬರೀಬೇಕು?

ಸ್ವಲ್ಪ ಹಿಂದಕ್ಕೆ ಹೋಗೋಣ. ಇಸವಿ 1823, ಬಳ್ಳಾರಿ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ನಿಮ್ಮ ಜಿಲ್ಲೆಗಳಲ್ಲಿ ಎಷ್ಟು ಶಾಲೆ ಇವೆ, ಎಷ್ಟು ಮಕ್ಕಳು ಓದ್ತಾರೆ, ಲೆಕ್ಕ ಕಳಿಸಿ ಅಂತ ಕಲೆಕ್ಟರುಗಳಿಗೆ ಹೇಳಿದ್ದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಬರೀ ಅಂಕಿ ಕಳಿಸದೆ, ಶಾಲೆ ಹೇಗೆ ನಡೆಯುತ್ತೆ ಅಂತಲೂ ವಿವರವಾಗಿ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅಂದ್ರೆ ಒಂದು ಶಾಲೆಗೆ ಸುಮಾರು 12 ಮಕ್ಕಳು. ಅಷ್ಟು ಮಕ್ಕಳಲ್ಲಿ ಹಿಂದೂ ಹೆಣ್ಣುಮಕ್ಕಳು ಎಷ್ಟು ಅಂದ್ರೆ, 60. ಈ 60 ಅನ್ನೋ ಸಂಖ್ಯೆಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಇವು ನಮ್ಮ ಅಜ್ಜಂದಿರು ಕೂಲಿಮಠ ಅಂತಿದ್ದ ಥರದ ಶಾಲೆಗಳು. ಬೆಳಗ್ಗೆ 6ಕ್ಕೇ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಹೆಸರು ಬರೀತಿದ್ದರಂತೆ, ಅದು ಗೌರವ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರ್ತಾ ಹೋಗುತ್ತೆ. ನಡುವೆ ಊಟಕ್ಕೆ ಬಿಡುವು ಬಿಟ್ಟರೆ ಸಂಜೆವರೆಗೂ ಶಾಲೆ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡಬೇಕು. ಈ ಪದ್ಧತಿ ಕ್ಯಾಂಪ್‌ಬೆಲ್‌ಗೆ ತುಂಬ ಇಷ್ಟವಾಗಿತ್ತು, ಇದನ್ನು ಇಂಗ್ಲೆಂಡಿನವರೂ ಅನುಕರಿಸಿದ್ದಾರೆ ಅಂತ ಬರೆದ. ಅರ್ಥ ತಿಳಿಯದೆ ಗಿಣಿಪಾಠ ಒಪ್ಪಿಸ್ತಾರೆ ಅಂತ ಟೀಕೆಯನ್ನೂ ಮಾಡಿದ.

ಆ ಶಾಲೇಲಿ ಹೊಡೆತ ಇತ್ತು, ಜಾತಿ ಇತ್ತು. ಅದನ್ನ ಚಿನ್ನದ ಕಾಲ ಅಂತ ನಾನು ಹೇಳಲ್ಲ. ನನಗೆ ಇಲ್ಲಿ ಬೇಕಾಗಿರೋದು ಒಂದೇ ಅಂಶ. ಕಲಿಯೋ ಕೆಲಸ ಹೆಚ್ಚುಕಡಿಮೆ ಶಾಲೆಯಲ್ಲೇ ಮುಗೀತಿತ್ತು. ಮಗ್ಗಿ ಬಾಯಿಪಾಠ ಆಗೋದು ಎಲ್ಲರೂ ಒಟ್ಟಿಗೆ ಕೂಗಿ, ಬರವಣಿಗೆ ತಿದ್ದೋದು ಮರಳಿನ ಮೇಲೆ, ಮೇಷ್ಟ್ರ ಕಣ್ಣೆದುರಿಗೆ.

ಇದು ಬದಲಾಗಿದ್ದು ಇಂಗ್ಲಿಷ್ ಮಾದರಿಯ ಹೈಸ್ಕೂಲು ಬಂದಾಗ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಶುರುವಾಯ್ತು, ಅದರ ಜೊತೆ ಮೆಟ್ರಿಕ್ ಪರೀಕ್ಷೆ ಬಂತು. ಪಾಸಾದವನಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆಯುತ್ತೆ. ಆರೇಳು ವಿಷಯ, ಪ್ರತಿ ವಿಷಯಕ್ಕೂ ಒಂದೊಂದು ಪೀರಿಯಡ್ಡು, ಗಂಟೆ ಹೊಡೆದರೆ ಮೇಷ್ಟ್ರು ಬದಲು. ಪಾಠ ಶಾಲೇಲಿ, ಓದೋದು ಮನೇಲಿ ಅಂತ ಎರಡು ಭಾಗ ಆಯ್ತು.

ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಹೋಗ್ತಿದ್ದ ವಸತಿ ಶಾಲೆಗಳಲ್ಲಿ ಇದನ್ನ ಹೋಂವರ್ಕ್ ಅನ್ನಲ್ಲ, ‘ಪ್ರೆಪ್’ ಅಂತಾರೆ. ಸಂಜೆ ಎಲ್ಲರೂ ಒಂದು ಹಾಲ್‌ನಲ್ಲಿ ಕೂತು ಮಾಡಬೇಕು, ಮೇಲ್ವಿಚಾರಣೆಗೆ ಒಬ್ಬರು ಇರ್ತಾರೆ. ಅಂದ್ರೆ ಜಾಗ, ದೀಪ, ರಾತ್ರಿ ಊಟ, ಕೇಳಿದರೆ ಹೇಳಿಕೊಡೋ ಮನುಷ್ಯ, ಎಲ್ಲವನ್ನೂ ಶಾಲೆಯೇ ಒದಗಿಸ್ತಿತ್ತು. ನಮ್ಮೂರುಗಳಿಗೆ ಪರೀಕ್ಷೆ ಬಂತು, ಪುಸ್ತಕ ಬಂತು, ಬರೆಸಿ ಬರೆಸಿ ಸುಸ್ತು ಮಾಡೋ ‘ಇಂಪೊಸಿಷನ್’ ಅನ್ನೋ ಶಿಕ್ಷೆಯೂ ಬಂತು. ಆದರೆ ಆ ಸಂಜೆಯ ಹಾಲ್ ಮಾತ್ರ ಎಲ್ಲರಿಗೂ ಬರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಹಳ್ಳಿ ಹುಡುಗನಿಗೆ ಹೈಸ್ಕೂಲು ಅಂದ್ರೆ ಊರು ಬಿಡೋದು ಅಂತಲೇ ಅರ್ಥ. ಹೈಸ್ಕೂಲು ಇದ್ದದ್ದು ಮೈಸೂರು, ಬೆಂಗಳೂರು ಮತ್ತೆ ಕೆಲವು ದೊಡ್ಡ ಪಟ್ಟಣಗಳಲ್ಲಿ. 1904ರಲ್ಲಿ ಹುಟ್ಟಿದ ಕುವೆಂಪು ತೀರ್ಥಹಳ್ಳಿ ಕಡೆಯ ಮಲೆನಾಡು ಬಿಟ್ಟು ಮೈಸೂರಿಗೆ ಬಂದಿದ್ದು ಹೈಸ್ಕೂಲು ಓದೋಕೆ. ನೋಡಿ, ಹೋಂವರ್ಕ್ ಅನ್ನೋದು ಶುರುವಾಗಿದ್ದೇ ‘ಹೋಂ’ ಬಿಟ್ಟು ಬಂದ ಹುಡುಗರ ಜೊತೆ.

ಆ ಹುಡುಗರಿಗೆ ಊಟ ಎಲ್ಲಿ? ಬಡವರಾಗಿದ್ದರೆ ವಾರಾನ್ನ. ನಿಮ್ಮಲ್ಲಿ ಕೆಲವರು ಈ ಪದವನ್ನ ಮುತ್ತಜ್ಜನ ಬಾಯಲ್ಲಿ ಕೇಳಿರಬಹುದು. ಸೋಮವಾರ ಒಂದು ಮನೇಲಿ ಊಟ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಕ್ಕೆ ಏಳು ಮನೆ ಗೊತ್ತು ಮಾಡ್ಕೋಬೇಕು. ಐದೇ ಮನೆ ಸಿಕ್ಕರೆ ಎರಡು ದಿನ ಹೊಟ್ಟೆಗೆ ತಣ್ಣೀರು ಬಟ್ಟೆ. ಮಲಗೋದು ಯಾರದೋ ಜಗಲಿ ಮೇಲೆ, ಓದೋದು ದೇವಸ್ಥಾನದ ಪ್ರಾಂಗಣದಲ್ಲಿ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನಲ್ಲಿ ಬೀದಿದೀಪ ಹತ್ತಿದ ಮೇಲೆ ಅದರ ಕೆಳಗೆ.

ಬೀದಿದೀಪದ ಕೆಳಗೆ ಓದಿ ದೊಡ್ಡವರಾದ ಮಹನೀಯರ ಕಥೆ ನಮ್ಮ ಎಲ್ಲ ಶಾಲೆಯ ವಾರ್ಷಿಕೋತ್ಸವದಲ್ಲೂ ಒಬ್ಬರಾದರೂ ಹೇಳ್ತಾರೆ. ಅವುಗಳಲ್ಲಿ ಯಾವುದು ನಿಜ, ಯಾವುದು ಆಮೇಲೆ ಕಟ್ಟಿದ್ದು ಅನ್ನೋದು ಬೇರೆ ಮಾತು. ನನಗೆ ಆ ಕಥೆ ಕೇಳಿದಾಗಲೆಲ್ಲ ಅದೇ ಕಂಬದ ಕೆಳಗೆ ಕೂತು ತೂಕಡಿಸಿದ ಬೇರೆ ಹುಡುಗರು ನೆನಪಾಗ್ತಾರೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ದಡ್ಡರಾಗಿದ್ದರು ಅಂತಲ್ಲ, ಹಸಿದಿದ್ದರು ಅಷ್ಟೇ. ಒಬ್ಬ ಗೆದ್ದವನ ಕಥೆ ಹೇಳಿ, ‘ನಿನಗ್ಯಾಕೆ ಆಗಲ್ಲ’ ಅಂತ ಉಳಿದವರನ್ನ ಕೇಳೋದು ಬಹಳ ಸುಲಭ.

ಇನ್ನೊಂದು ಮಾತು. ವಾರಾನ್ನ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಸಿಗ್ತಿದ್ದ ಅನುಕೂಲ. ಒಕ್ಕಲು ಮಕ್ಕಳಿಗೆ, ಕುರುಬರ ಮಕ್ಕಳಿಗೆ ಪಟ್ಟಣದಲ್ಲಿ ಹಾಗೆ ಊಟ ಹಾಕೋ ಏಳು ಮನೆಗಳು ಎಲ್ಲಿದ್ದವು? ದಲಿತ ಹುಡುಗನಿಗಂತೂ ಜಗಲಿ ಹತ್ತೋಕೂ ಬಿಡ್ತಿರಲಿಲ್ಲ. ಶಾಲೆಗೆ ಸೇರಿಸಿಕೊಂಡರೂ ಸಂಜೆ 5 ಗಂಟೆ ಆದ ಮೇಲೆ ಆ ಹುಡುಗನಿಗೆ ಪಟ್ಟಣದಲ್ಲಿ ಜಾಗವೇ ಇಲ್ಲ.

ಇದಕ್ಕೆ ಉತ್ತರವಾಗಿ ಬಂದಿದ್ದು ಹಾಸ್ಟೆಲ್. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಹಾಸ್ಟೆಲ್‌ಗೆ ಒಂದು ಪ್ಯಾರಾ ಕೂಡ ಸಿಗಲ್ಲ. ಆದರೆ ಕರ್ನಾಟಕದ ಹೈಸ್ಕೂಲು ಓದನ್ನು ಎತ್ತಿ ನಿಲ್ಲಿಸಿದ್ದು ಹಾಸ್ಟೆಲ್ ಅಂತ ನಾನು ಧೈರ್ಯವಾಗಿ ಹೇಳ್ತೀನಿ. 20ನೇ ಶತಮಾನದ ಮೊದಲ ದಶಕಗಳಲ್ಲಿ ಒಂದೊಂದೇ ಸಮುದಾಯ ತನ್ನ ಮಕ್ಕಳಿಗೆ ಪಟ್ಟಣಗಳಲ್ಲಿ ವಿದ್ಯಾರ್ಥಿನಿಲಯ ಕಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು, ಮರುವರ್ಷ ವರದಿ ಬಂತು. ಅದು ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲಿನ ಬಗ್ಗೆ ಅಂತ ನಾವು ಓದ್ತೀವಿ. ಆದರೆ ಕೆಲಸಕ್ಕೆ ಮೊದಲು ಪರೀಕ್ಷೆ ಪಾಸಾಗಬೇಕು, ಪಾಸಾಗೋಕೆ ಓದೋ ಜಾಗ ಬೇಕು. ಅದಕ್ಕೇ ಮೀಸಲಾತಿಯ ಕಥೆಯೂ ಹಾಸ್ಟೆಲಿನ ಕಥೆಯೂ ಜೊತೆಜೊತೆಗೇ ಸಾಗುತ್ತವೆ.

ತುಮಕೂರಿನ ಸಿದ್ಧಗಂಗಾ ಮಠ ನಿಮಗೆ ಗೊತ್ತೇ ಇದೆ. 1941ರಿಂದ ಮಠ ನಡೆಸಿದ ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅಳುತ್ತಾ ಬಂದವರಲ್ಲಿ ಅಲ್ಲಿ ಊಟ ಮಾಡಿ ಓದಿದ ಸಾವಿರಾರು ಜನ ಇದ್ದರು. ಬೆಂಗಳೂರಿನಲ್ಲಿ ದಲಿತ ವಿದ್ಯಾರ್ಥಿಗಳಿಗೆ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇತ್ತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ ಅಲ್ಲಿದ್ದು ಓದಿದವರು. ಅವರ ಆತ್ಮಕಥೆ ‘ಊರುಕೇರಿ’ ಓದಿ. ಹಾಸ್ಟೆಲಿನ ದಿನಗಳನ್ನ ನಗಿಸ್ತಾನೇ ಹೇಳ್ತಾರೆ, ನಕ್ಕು ಮುಗಿದ ಮೇಲೆ ಎದೆ ಭಾರವಾಗುತ್ತೆ. ಶ್ರೀರಾಂಪುರದ ಸ್ಮಶಾನವೂ ಅವರು ಕೂತು ಓದಿ ಬರೆದ ಜಾಗಗಳಲ್ಲಿ ಒಂದು. ಬೆಂಗಳೂರಿನಂಥ ಊರಲ್ಲಿ ಒಬ್ಬ ಹುಡುಗನಿಗೆ ಗದ್ದಲ ಇಲ್ಲದ ಜಾಗ ಸಿಕ್ಕಿದ್ದು ಅಲ್ಲಿ.

1970ರ ದಶಕದಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. 1975ರಲ್ಲಿ ಹಾವನೂರು ಆಯೋಗದ ವರದಿ ಬಂತು. ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ ಹಾಸ್ಟೆಲುಗಳು ಹೆಚ್ಚಾದ ಕಾಲ ಅದು. ಆ ದಶಕದ ಕೊನೆಗೆ ಭಾಗ್ಯಜ್ಯೋತಿ ಅನ್ನೋ ಯೋಜನೆ ಬಂತು, ಬಡವರ ಮನೆಗೆ ಒಂದೇ ಒಂದು ಬಲ್ಬು. ಒಂದು ಬಲ್ಬು ಅಂದ್ರೆ ಏನು ಮಹಾ ಅನ್ನಿಸಬಹುದು. ಚಿಮಣಿ ಬುಡ್ಡಿಯ ಹೊಗೆಯಲ್ಲಿ ಓದಿ ಬೆಳಗ್ಗೆ ಮೂಗಲ್ಲಿ ಮಸಿ ತೆಗೆದವರನ್ನ ಕೇಳಿ ನೋಡಿ, ಏನು ಮಹಾ ಅಂತ ಅವರು ಹೇಳ್ತಾರೆ.

ನಾನೂ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಿದವನೇ. 20 ಜನಕ್ಕೆ ಒಂದು ರೂಮು, ಎರಡು ಟ್ಯೂಬ್‌ಲೈಟು, ಅದರಲ್ಲಿ ಒಂದು ಸದಾ ಮಿಣುಕ್ತಾ ಇರೋದು. ಸಾರು ನೀರು ನೀರು. ಆದರೆ ಸಂಜೆ 7ರಿಂದ 9 ಓದೋ ಹೊತ್ತು. ಬೇರೆ ಕೆಲಸ ಯಾರೂ ಹೇಳ್ತಿರಲಿಲ್ಲ. ಲೆಕ್ಕ ಬರದಿದ್ದರೆ ಪಿಯುಸಿ ಓದ್ತಿದ್ದ ಅಣ್ಣಂದಿರು ಹೇಳಿಕೊಡ್ತಿದ್ದರು. ಬಳ್ಳಾರಿ ಕಲೆಕ್ಟರ್ ಬರೆದದ್ದನ್ನ ಆಮೇಲೆ ಯಾವಾಗಲೋ ಓದಿದಾಗ ನನಗೆ ನಮ್ಮ ಆ ರೂಮೇ ಕಣ್ಣಿಗೆ ಕಟ್ಟಿತು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡೋದು ನಮ್ಮಲ್ಲಿ ಇನ್ನೂರು ವರ್ಷದಿಂದ ನಡೀತಿರೋ ಕೆಲಸ.

ಈಗ ಆ 60ರ ಕಡೆ ಬರೋಣ. ಹೆಣ್ಣುಮಕ್ಕಳು. ‘ಹೋಂವರ್ಕ್’ ಅನ್ನೋದನ್ನ ಕನ್ನಡಕ್ಕೆ ಪದಕ್ಕೆ ಪದ ತಂದರೆ ಏನಾಗುತ್ತೆ? ಮನೆಗೆಲಸ! ಯಾರಾದರೂ ಮಾತಾಡುವಾಗ ಹೋಂವರ್ಕಿಗೆ ಮನೆಗೆಲಸ ಅಂತೀವಾ? ಇಲ್ಲ. ಯಾಕಂದ್ರೆ ಆ ಪದಕ್ಕೆ ಆಗಲೇ ಒಂದು ಅರ್ಥ ಇದೆ. ಕಸ ಹೊಡಿ, ಪಾತ್ರೆ ತೊಳಿ, ನೀರು ತಾ, ತಮ್ಮನ್ನ ಎತ್ಕೋ. ‘ಮನೆಪಾಠ’ ಅಂದ್ರೆ ಟ್ಯೂಷನ್ ಆಗಿಬಿಡುತ್ತೆ. ಹಾಗಾಗಿ ನಾವು ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿದ್ದೀವಿ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಈ ಎರಡೂ ಕೆಲಸ ಇವೆ, ಎರಡೂ ಸಂಜೆ 6ಕ್ಕೇ ಶುರುವಾಗುತ್ತವೆ. ಅವಳ ಅಣ್ಣನಿಗೆ ಒಂದೇ. ಮರುದಿನ ಕ್ಲಾಸಲ್ಲಿ ಇಬ್ಬರ ನೋಟ್‌ಬುಕ್ಕನ್ನೂ ಒಂದೇ ತಕ್ಕಡೀಲಿ ತೂಗ್ತಾರೆ.

ಈಗಿನ ನಿಯಮ ಏನು ಹೇಳುತ್ತೆ? 2018ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು, ಎರಡನೇ ಕ್ಲಾಸಿನವರಿಗೆ ಹೋಂವರ್ಕ್ ಬೇಡ ಅಂತು. 2020ರ ಕೇಂದ್ರ ಸರ್ಕಾರದ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರಿಗೆ ದಿನಕ್ಕೆ ಹೆಚ್ಚೆಂದರೆ 2 ಗಂಟೆ ಅಂತ ಇದೆ. ಒಳ್ಳೇದೇ. ಆದರೆ ನಮ್ಮ ಹತ್ತನೇ ಕ್ಲಾಸಿನ ಲೆಕ್ಕ ಹಾಕಿ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ, ಒಟ್ಟು ಆರು ವಿಷಯ. ಒಬ್ಬೊಬ್ಬರು ‘ಬರೀ ಅರ್ಧ ಗಂಟೆದು ಕೊಟ್ಟಿದೀನಿ’ ಅಂದ್ರೂ 3 ಗಂಟೆ ಆಯ್ತು. ಮೇಷ್ಟ್ರುಗಳು ಸ್ಟಾಫ್ ರೂಮಲ್ಲಿ ಕೂತು, ಸೋಮವಾರ ಗಣಿತ ಮತ್ತೆ ಇಂಗ್ಲಿಷ್, ಮಂಗಳವಾರ ವಿಜ್ಞಾನ ಮತ್ತೆ ಕನ್ನಡ ಅಂತ ಹಂಚಿಕೊಳ್ಳದೇ ಹೋದ್ರೆ ಆ ನಿಯಮ ಕಾಗದದಲ್ಲೇ ಉಳಿಯುತ್ತೆ.

ಆಮೇಲೆ 2020. ಕೊರೊನಾ. ಶಾಲೆ ಮುಚ್ಚಿ, ಪೂರ್ತಿ ಓದೇ ಹೋಂವರ್ಕ್ ಆಯ್ತು. ಚಂದನ ವಾಹಿನಿಯಲ್ಲಿ ಪಾಠ, ವಾಟ್ಸಾಪ್‌ನಲ್ಲಿ ಪ್ರಶ್ನೆ. ಮನೇಲಿ ಇರೋದು ಒಂದು ಫೋನು, ಅದು ಅಪ್ಪನ ಜೇಬಲ್ಲಿ. ಅಪ್ಪ ಕೆಲಸದಿಂದ ಬರೋದು ರಾತ್ರಿ 9ಕ್ಕೆ. ಅದೇ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ವಿದ್ಯಾಗಮ ಶುರು ಮಾಡಿತು. ಮೇಷ್ಟ್ರುಗಳೇ ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯ್ತು. ಆ ವರ್ಷವೇ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಅನ್ನೋ ಕಾರ್ಯಕ್ರಮ ಬಂತು. ನೋಡಿ, ಜಗಲಿ, ದೀಪ, ಓದೋ ಜಾಗ. ಹೆಸರು ಹೊಸದು, ಬೇಕಾಗಿದ್ದು ಮಾತ್ರ ವಾರಾನ್ನದ ಹುಡುಗರಿಗೆ ಬೇಕಾಗಿದ್ದದ್ದೇ.

ಈಗ ಶಾಲೆ ತೆರೆದು ವರ್ಷಗಳಾದರೂ ಎಷ್ಟೋ ಹೈಸ್ಕೂಲುಗಳಲ್ಲಿ ಆ ವಾಟ್ಸಾಪ್ ಗ್ರೂಪು ಹಾಗೇ ಉಳಿದಿದೆ. ಹೋಂವರ್ಕ್ ರಾತ್ರಿ 8ಕ್ಕೆ ಗ್ರೂಪಿಗೆ ಬೀಳುತ್ತೆ. ಚಿಮಣಿ ಬುಡ್ಡಿ ಇದ್ದ ಜಾಗದಲ್ಲಿ ಈಗ ಫೋನು. ಇದ್ದವರಿಗೆ ಉತ್ತರವೂ ಅದರಲ್ಲೇ ಸಿಗುತ್ತೆ, ಇಲ್ಲದವರಿಗೆ ಪ್ರಶ್ನೆಯೂ ಸಿಗಲ್ಲ. ಬೆಳಗ್ಗೆ ‘ಯಾಕೆ ಮಾಡಿಲ್ಲ’ ಅಂದ್ರೆ ಮಗು ಏನು ಹೇಳಬೇಕು? ನಮ್ಮನೇಲಿ ಫೋನ್ ಇಲ್ಲ ಅಂತ 40 ಜನರ ಮುಂದೆ ಹೇಳೋದಾ? ಎರಡು ಸಲ ಸುಮ್ಮನೆ ನಿಂತು ಬೈಸಿಕೊಳ್ಳುತ್ತೆ. ಮೂರನೇ ಸಲ ಶಾಲೆಗೇ ಬರಲ್ಲ. ಒಂಬತ್ತನೇ ಕ್ಲಾಸಲ್ಲಿ ಶಾಲೆ ಬಿಟ್ಟ ಒಂದು ಮಗುವಿಗೆ ಹತ್ತನೇ ಕ್ಲಾಸಿನ ಪಾಸ್ ಸರ್ಟಿಫಿಕೇಟ್ ಇಲ್ಲದೆ ಮುಂದೆ ಎಷ್ಟು ಬಾಗಿಲು ಮುಚ್ಚುತ್ತೆ ಅನ್ನೋದು ನಿಮಗೇ ಗೊತ್ತು.

ಹಾಗಾದ್ರೆ ಹೋಂವರ್ಕ್ ಬೇಡವಾ? ನಾನು ಹಾಗನ್ನಲ್ಲ. ಗಣಿತ ಕೈಯಲ್ಲಿ ಮಾಡಿದರೇ ಬರೋದು, ಒಬ್ಬನೇ ಕೂತು ತಿಣುಕಾಡಿದರೇ ತಲೆಗೆ ಹತ್ತೋದು. ಇತಿಹಾಸ ಹೇಳೋದು ಇಷ್ಟೇ: ಮನೆಗೆ ಕೆಲಸ ಕೊಡೋ ಶಾಲೆ, ಆ ಕೆಲಸಕ್ಕೆ ಬೇಕಾದ ಮನೆಯ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಇದಕ್ಕೆ ದೊಡ್ಡ ಬಜೆಟ್ ಏನೂ ಬೇಡ. ಕೊನೇ ಪೀರಿಯಡ್ಡಿನಲ್ಲಿ ಮೊದಲ ಎರಡು ಲೆಕ್ಕ ಅಲ್ಲೇ ಶುರು ಮಾಡಿಸಬಹುದು, ಎಲ್ಲಿ ಸಿಕ್ಕಿಹಾಕಿಕೊಳ್ತಾರೆ ಅಂತ ಮೇಷ್ಟ್ರಿಗೇ ಕಾಣುತ್ತೆ. ಪ್ರಶ್ನೆಯನ್ನ ಗ್ರೂಪಿಗೆ ಹಾಕೋ ಬದಲು ಬೋರ್ಡ್ ಮೇಲೆ ಬರೀಬಹುದು. ಬೇಕಾದವರು ಸಂಜೆ ಒಂದು ಗಂಟೆ ಕೂರೋಕೆ ಒಂದು ರೂಮು ತೆರೆದಿಡಬಹುದು, ಹತ್ತನೆಯವರು ಎಂಟನೆಯವರಿಗೆ ಹೇಳಿಕೊಡಬಹುದು. ಕೊನೇ ಬಸ್ಸಿನ ಹೊತ್ತು ನೋಡಿಕೊಂಡು ಆ ರೂಮಿನ ಹೊತ್ತು ಇಡಬೇಕು, ಇಲ್ಲಾಂದ್ರೆ ಹೆಣ್ಣುಮಕ್ಕಳು ಬರೋಕಾಗಲ್ಲ. ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಮೇಷ್ಟ್ರು, ಮೇಡಮ್ಮುಗಳು ಇದನ್ನ ಮಾಡ್ತಾರೆ, ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನ ಎಬ್ಬಿಸೋರೂ ಇದ್ದಾರೆ. ಮಾರ್ಚ್ ತಿಂಗಳಲ್ಲಿ ಆಗೋದು ಜೂನ್‌ನಲ್ಲೇ ಯಾಕಾಗಬಾರದು?

ನಿಮ್ಮಲ್ಲಿ ತುಂಬ ಜನ ಈಗ ಅಕ್ಕ, ಅಣ್ಣ, ಚಿಕ್ಕಪ್ಪ, ಅತ್ತೆ ಆಗಿರೋರು. ಹೈಸ್ಕೂಲಿಗೆ ಹೋಗೋ ಒಂದು ಮಗುವಾದರೂ ನಿಮ್ಮ ಸುತ್ತಮುತ್ತ ಇರುತ್ತೆ. ಮನೆಗೆ ಬಂದಾಗ ‘ಹೋಂವರ್ಕ್ ಮುಗೀತಾ’ ಅಂತ ಎಲ್ಲರೂ ಕೇಳ್ತಾರೆ, ಅದು ಆ ಮಗುವಿಗೆ ಕೇಳಿ ಕೇಳಿ ಸಾಕಾಗಿರುತ್ತೆ. ನೀವು ಬೇರೆ ಪ್ರಶ್ನೆ ಕೇಳಿ. ‘ಎಲ್ಲಿ ಕೂತು ಮಾಡ್ತೀಯ?’ ಅಂತ. ಉತ್ತರ ಕೇಳಿಸಿಕೊಂಡ ಮೇಲೆ ನಿಮ್ಮ ಕೈಲಾದ್ದು ಏನು ಅಂತ ನಿಮಗೇ ಹೊಳೆಯುತ್ತೆ. ಒಂದು ಸ್ಟೂಲು, ಒಂದು ಬಲ್ಬು, ಅಥವಾ ಆ ಒಂದು ಗಂಟೆ ಪಾತ್ರೆ ನಾನು ತೊಳೀತೀನಿ ಬಿಡು ಅನ್ನೋ ಒಂದು ಮಾತು.